ಮಣ್ಣೆತ್ತು, ಅರಿಶಿಣ, ಇಪ್ಪತ್ತೈದು



ಈ ಉಪನ್ಯಾಸದ ದತ್ತಿ ಇಟ್ಟ ಮನೆತನದ ಹಿರಿಯರು ನನ್ನನ್ನು ಕರೆಯಲು ಬಂದಾಗ ಒಂದೇ ಷರತ್ತು ಹಾಕಿದರು: "ಬಾಯಾರ, ಗಡಿ ಬಗ್ಗೆ ಮಾತಾಡಬ್ಯಾಡ್ರಿ. ಸಣ್ಣ ಹುಡುಗರ ಬಗ್ಗೆ ಮಾತಾಡ್ರಿ." ನನಗೂ ಅದೇ ಬೇಕಾಗಿತ್ತು. ಗಡಿಯ ಮೇಲೆ 1967ರ ಮಹಾಜನ ವರದಿಯಿಂದ ಹಿಡಿದು 2022ರಲ್ಲಿ ಜತ್ತ ತಾಲೂಕಿನ ಹಳ್ಳಿಗಳ ಹೆಸರಿನಲ್ಲಿ ಎದ್ದ ಗದ್ದಲದವರೆಗೆ ಭಾಷಣ ಬೇಕಾದಷ್ಟು ಆಗಿವೆ. ಆದರೆ ಮಿರಜದ ಮೂಡಣಕ್ಕೋ, ಜತ್ತದ ಉಮದಿ, ಸಂಖ ಕಡೆಗೋ ಇರುವ ಒಂದು ಕನ್ನಡ ಸಾಲಿಯಲ್ಲಿ, ಒಂದು ಸಾದಾ ಮಂಗಳವಾರ, ಹನ್ನೊಂದೂವರೆ ಗಂಟೆಗೆ, ಆರು ವರ್ಷದ ಮಗು ಕೈಯಲ್ಲಿ ಏನು ಹಿಡಿದುಕೊಂಡು ಕೂತಿರುತ್ತದೆ ಎಂಬುದರ ಮೇಲೆ ಯಾರೂ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ.

ಜೂನ್ 15ಕ್ಕೆ ಮಹಾರಾಷ್ಟ್ರದ ನಮ್ಮ ಕಡೆ ಸಾಲಿ ಶುರು. ಮ್ಹೈಸಾಳ ದಾಟಿ ಕರ್ನಾಟಕದ ಕಾಗವಾಡಕ್ಕೆ ಹೋದರೆ ಅಲ್ಲಿ ಅಷ್ಟೊತ್ತಿಗೆ ಎರಡು ವಾರದ ಪಾಠ ಮುಗಿದಿರುತ್ತದೆ. ಅಲ್ಲಿಯ ಮಗುವಿಗೆ ಬೆಂಗಳೂರಿನಿಂದ ಬಂದ ಕನ್ನಡ ಪುಸ್ತಕ, ಇಲ್ಲಿಯ ಮಗುವಿಗೆ ಪುಣೆಯ ಬಾಲಭಾರತಿ ಅಚ್ಚು ಹಾಕಿಸಿದ ಕನ್ನಡ ಪುಸ್ತಕ. ನಡುವೆ ಇರುವುದು ಬಸಿಯೊಳಗಿನ ಚಹಾ ಆರುವಷ್ಟು ಹೊತ್ತಿನ ದಾರಿ. ಇಲ್ಲಿ ಕೂತ ಶಿಕ್ಷಕ ಶಿಕ್ಷಕಿಯರಿಗೆ ಇನ್ನು ಒಂದು ವಾರ ಉಳಿದಿದೆ. ಪ್ರವೇಶೋತ್ಸವದ ತಯಾರಿ ನಡೆದಿರಬೇಕು: ಗುಲಾಬಿ, ಬಲೂನು, ಕುಂಕುಮದ ನೀರಿನಲ್ಲಿ ಅದ್ದಿದ ಪುಟ್ಟ ಪಾದದ ಗುರುತು ಮೂಡಿಸಲು ಬಿಳಿ ಹಾಳೆ. ಪಾದದ ಗುರುತು ನನಗೆ ಇಷ್ಟ. ಬಲೂನಿನ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ಮಾತಿರುವುದು ಅದಾದ ಮೇಲಿನ ವರ್ಷದ ಬಗ್ಗೆ.

ವರ್ಷದ ಪಟ್ಟಿಯನ್ನು ಒಮ್ಮೆ ಗೋಡೆಗೆ ಹಚ್ಚಿ ನೋಡಿರಿ. ಜುಲೈ ಹೊತ್ತಿಗೆ ಆಷಾಢೀ ದಿಂಡಿ, ಸಪ್ಟೆಂಬರ್ 5ಕ್ಕೆ ಶಿಕ್ಷಕರ ದಿನ, ಅಕ್ಟೋಬರ್ 15ಕ್ಕೆ ಕಲಾಂ ಅವರ ಹೆಸರಿನ ವಾಚನ ಪ್ರೇರಣಾ ದಿನ, ನವೆಂಬರ್ 1ಕ್ಕೆ ರಾಜ್ಯೋತ್ಸವ, ನವೆಂಬರ್ 7ಕ್ಕೆ ವಿದ್ಯಾರ್ಥಿ ದಿನ, 14ಕ್ಕೆ ಬಾಲದಿನ, ಜನವರಿ 3ಕ್ಕೆ ಸಾವಿತ್ರಿಬಾಯಿಯವರ ಜಯಂತಿ, ಆಮೇಲೆ ವಾರ್ಷಿಕೋತ್ಸವದ ಗ್ಯಾದರಿಂಗು, ಫೆಬ್ರುವರಿ 27ಕ್ಕೆ ಮರಾಠಿ ಭಾಷಾ ಗೌರವ ದಿನ. ಎರಡು ಭಾಷೆಯ ಸಾಲಿಗೆ ಎರಡು ಪಾಲು ದಿನಗಳು. ಹೆಚ್ಚಿನವು ದೊಡ್ಡವರ ನೆನಪಿನ ದಿನಗಳೇ. ಅವುಗಳಲ್ಲಿ ನವೆಂಬರ್ 7 ನನಗೆ ತೀರ ಹತ್ತಿರದ್ದು. 1900ರಲ್ಲಿ ಅಂಬೇಡ್ಕರರು ಸಾತಾರೆಯ ಸಾಲಿಗೆ ಮೊದಲ ಸಲ ಕಾಲಿಟ್ಟ ದಿನ ಅದು. ಸಾತಾರೆ ನಮಗೆ ದೂರವೇನಲ್ಲ, ಪಕ್ಕದ ಜಿಲ್ಲೆ. ಆದರೆ ಒಂದನೇ ಇಯತ್ತೆಯ ತರಗತಿಯಲ್ಲಿ ಇವೆಲ್ಲ ಆಗುವ ರೀತಿ ಒಂದೇ: ಮೂರು ದಿನ ತಾಲೀಮು, ಒಂದು ಹಾರ, ಒಂದು ಭಾಷಣ, ಫೋಟೋ, ಕೇಂದ್ರಪ್ರಮುಖರ ವಾಟ್ಸಾಪ್ ಗುಂಪಿಗೆ ರವಾನೆ. ಆ ಮೂರು ದಿನ ಮಗು ಕಲಿತದ್ದೇನು ಎಂದು ಫೋಟೋದಲ್ಲಿ ಕಾಣುವುದಿಲ್ಲ.

ಇದನ್ನು ಬೇರೆಯವರ ಮೇಲೆ ಹೊರಿಸಿ ಹೇಳುತ್ತಿಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ರಾಜ್ಯೋತ್ಸವಕ್ಕೆ ಎರಡನೇ ಇಯತ್ತೆಯ ಹುಡುಗಿಗೆ ನಾನೇ ಭಾಷಣ ಬರೆದುಕೊಟ್ಟೆ. ಹನ್ನೆರಡು ಸಾಲು. ನಾಡು, ನುಡಿ, ಕಂಪು, ಹಿರಿಮೆ, ಗರಿಮೆ ಎಲ್ಲ ಅದರಲ್ಲಿದ್ದವು. ಹುಡುಗಿ ಚುರುಕು, ಗಿಣಿ ಹಾಗೆ ಬಾಯಿಪಾಠ ಮಾಡಿದಳು. ಅವತ್ತು ಊರವರು, ಅತಿಥಿಗಳು ಎಲ್ಲ ಕೂತಿದ್ದಾರೆ. ಐದನೆಯ ಸಾಲಿಗೆ ಬಂದು ನಿಂತುಬಿಟ್ಟಳು. ನಾನು ಬದಿಗೆ ನಿಂತು ತುಟಿ ಅಲ್ಲಾಡಿಸಿ ಹೇಳಿಕೊಡುತ್ತಿದ್ದೇನೆ. ಅವಳು ಮೈಕಿನಲ್ಲೇ ನನ್ನ ಕಡೆ ತಿರುಗಿ ಕೇಳಿದಳು: "ಬಾಯೀ, ಗರಿಮಾ ಅಂದ್ರ ಯಾರು?"

ಸಭೆಯೆಲ್ಲ ನಕ್ಕಿತು. ಅವಳ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಗಳನ್ನು ಕೆಳಗಿಳಿಸಿ ಕರೆದುಕೊಂಡು ಹೋದಳು, ಲಾಡು ಹಂಚುವವರೆಗೂ ನಿಲ್ಲಲಿಲ್ಲ. ಹುಡುಗಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಗರಿಮಾ ಎಂದರೆ ಯಾರೋ ಹುಡುಗಿ ಇರಬೇಕು, ಇವಳ ಗೆಳತಿಯ ಅಕ್ಕನೋ ಯಾರೋ. ಆ ಶಬ್ದವನ್ನು ನಾನಾದರೂ ಮನೆಯಲ್ಲಿ ಯಾವತ್ತು ಆಡಿದ್ದೆ? ಅಂದಿನಿಂದ ನನ್ನ ತರಗತಿಯಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡೆ. ಪಾಠದ ಹೊತ್ತಿನಲ್ಲಿ ಮಗು ತಾನಾಗಿ ಆಡದ ಮಾತನ್ನು ಅದರ ಬಾಯಿಂದ ವೇದಿಕೆಯ ಮೇಲೆ ಆಡಿಸುವುದಿಲ್ಲ. ಇದಕ್ಕೆ ಅಂಟಿಕೊಂಡ ಮೇಲೆ ಕೆಲಸ ತಲೆಕೆಳಗಾಯಿತು. ಕಾರ್ಯಕ್ರಮ ಮೊದಲು ನಿಶ್ಚಯಿಸಿ ಮಕ್ಕಳನ್ನು ಅದಕ್ಕೆ ಹೊಂದಿಸುವುದು ನಿಂತಿತು. ತರಗತಿಯಲ್ಲಿ ಏನು ನಡೆದಿದೆಯೋ ಅದು ಬೆಳೆಯುತ್ತ ಹೋಗಿ ಒಂದು ದಿನ ಅಂಗಳಕ್ಕೆ ಬರುತ್ತಿತ್ತು, ಅಷ್ಟೇ.

ಮೊದಲಿಗೆ ಮಣ್ಣೆತ್ತು.

ಸಾಲಿ ಶುರುವಾದ ಆಜೂಬಾಜೂ ಕಾರಹುಣ್ಣಿಮೆ ಬರುತ್ತದೆ, ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ನಮ್ಮ ಕಡೆ ಇದರಲ್ಲೊಂದು ಮೋಜಿದೆ. ಸಾಂಗಲಿ ಕೊಲ್ಹಾಪುರದ ಮರಾಠಿ ರೈತರು ಎತ್ತಿನ ಹಬ್ಬಕ್ಕೆ ಬೇಂದೂರ ಎನ್ನುತ್ತಾರೆ. ಜ್ಯೇಷ್ಠದ ಹುಣ್ಣಿಮೆಗೆ ಬರುವುದು ಕರ್ನಾಟಕಿ ಬೇಂದೂರ, ಆಷಾಢದ ಹುಣ್ಣಿಮೆಗೆ ಬರುವುದು ಮಹಾರಾಷ್ಟ್ರದ ಬೇಂದೂರ. ಎತ್ತಿಗೆ ವರ್ಷಕ್ಕೆ ಎರಡು ಸಲ ಕೋಡಿಗೆ ಬಣ್ಣ. ಮಗುವಿಗೂ ಎರಡು ಸಲ ಮಣ್ಣು ಸಿಕ್ಕರೆ ತಪ್ಪೇನು?

ಎರಿ ಮಣ್ಣನ್ನು ಒಬ್ಬೊಬ್ಬರಿಗೆ ಒಂದು ಮುಷ್ಟಿ ಕೊಟ್ಟು ಎತ್ತು ಮಾಡಿಸಿದೆ. ಮರುದಿನ ನೋಡಿದರೆ ಅರ್ಧಕ್ಕರ್ಧ ಎತ್ತುಗಳ ಬೆನ್ನು ಸೀಳಿದೆ. ಒಂದರ ಕಾಲು ಮುರಿದಿದೆ. ಮಕ್ಕಳ ಮುಖ ಸಣ್ಣಗಾಯಿತು. "ಯಾಕ ಒಡೀತು?" ಎಂದು ಕೇಳಿದ್ದಷ್ಟೇ. ಒಂದೊಂದೇ ಪದ ಉದುರಿಸುತ್ತಿದ್ದ ಮಕ್ಕಳು ಪೂರಾ ವಾಕ್ಯ ಆಡತೊಡಗಿದರು. "ಬಿಸಲಾಗ ಇಟ್ಟಿದ್ದಕ್ಕ ಒಡೀತ್ರಿ." "ನಮ್ಮ ಹೊಲದಾಗೂ ಬ್ಯಾಸಗ್ಯಾಗ ಹಿಂಗ ಬಿರೀತೈತ್ರಿ, ನನ್ನ ಕಾಲ ಒಳಗ ಹೋಗಿತ್ತು." ಒಬ್ಬಳು ಮನೆಯಲ್ಲಿ ಕುಳ್ಳು ಬಡಿಯುವುದನ್ನು ನೋಡಿದವಳು, "ಹೊಟ್ಟು ಕಲಸಬೇಕ್ರಿ" ಎಂದಳು. ಹೊಟ್ಟು ತಂದೆವು, ನೆರಳಲ್ಲಿ ಒಣಗಿಸಿದೆವು. ಎರಡನೆಯ ಹಿಂಡು ಸೀಳಲಿಲ್ಲ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ ಎಂದು ನಾನು ಫಳಿಯ ಮೇಲೆ ಬರೆದಿದ್ದರೆ ಅವರು ಪಾಟಿಯ ಮೇಲೆ ಚೆನ್ನಾಗಿ ಇಳಿಸಿಕೊಳ್ಳುತ್ತಿದ್ದರು.

ಆಮೇಲೆ ಎತ್ತಿನ ಅಂಗಾಂಗಗಳಿಗೆ ಹೆಸರು. ಕೋಡು, ಗೊರಸು, ಬಾಲ ಎಲ್ಲರಿಗೂ ಬಂತು. ಬೆನ್ನಿನ ಮೇಲಿನ ಗುಬುಟಿಗೆ ಒಬ್ಬ ಇಣಿ ಎಂದ, ಮನೆಯಲ್ಲಿ ಮರಾಠಿ ಆಡುವ ಹುಡುಗಿ ವಶಿಂಡ ಎಂದಳು. ಇಬ್ಬರೂ ಜಗಳ. ಎರಡನ್ನೂ ಬರೆದೆ. ಇಂಥ ಜಾಗದಲ್ಲಿ ಕೆಲವು ಹಿತೈಷಿಗಳಿಗೆ ಕಸಿವಿಸಿಯಾಗುತ್ತದೆ, ಕನ್ನಡ ಸಾಲಿಯ ಫಳಿಯ ಮೇಲೆ ಮರಾಠಿ ಶಬ್ದ ಯಾಕೆ ಎಂದು. ಪಾಟಿ, ದಪ್ತರ, ಇಯತ್ತೆ, ಪರಿಪಾಠ ಎಂದು ದಿನವಿಡೀ ಆಡುವವರು ನಾವೇ. ಮಗು ಹೊಸ್ತಿಲು ದಾಟಿ ತಂದ ಮಾತನ್ನು ಬಾಗಿಲಲ್ಲೇ ಬಿಡಿಸಿದರೆ ಅದು ಸುಮ್ಮನೆ ಕೂರುತ್ತದೆ. ಸುಮ್ಮನೆ ಕೂತ ಮಗುವಿನ ಕನ್ನಡ ಶುದ್ಧವಾಗಿದೆಯೋ ಇಲ್ಲವೋ ಯಾರು ಹೇಳಬೇಕು?

ಅಮಾವಾಸ್ಯೆಯ ಸಂಜೆ ಮಕ್ಕಳು ತಮ್ಮ ತಮ್ಮ ಎತ್ತುಗಳನ್ನು ಕೆಮ್ಮಣ್ಣು, ಸುಣ್ಣ ಹಚ್ಚಿ ಮನೆಗೆ ಒಯ್ದರು. ಅದೇ ಕಾರ್ಯಕ್ರಮ. ವೇದಿಕೆ ಇಲ್ಲ, ಅಧ್ಯಕ್ಷರಿಲ್ಲ.

ಇಪ್ಪತ್ತೈದರ ಕಥೆ ಇದಕ್ಕಿಂತ ಸೂಕ್ಷ್ಮದ್ದು. ಮಿರಜದ ಮಾರ್ಕೆಟ್ಟಿನಲ್ಲಿ ಹಣ್ಣಿನ ಗಾಡಿ ಇಟ್ಟವರ ಮಗ ಒಬ್ಬ ನನ್ನ ತರಗತಿಯಲ್ಲಿದ್ದ. ಲೆಕ್ಕದಲ್ಲಿ ಜಾಣ. ಚಿಲ್ಲರೆ ಎಣಿಸಿ ಕೊಡುವುದರಲ್ಲಿ ನನಗಿಂತ ಜೋರು. ಆದರೆ 'ಇಪ್ಪತ್ತೈದು' ಎಂದು ಹೇಳಿ ಬರೆಸಿದರೆ 52 ಎಂದು ಬರೆಯುತ್ತಿದ್ದ. 'ನಲವತ್ತಮೂರು' ಎಂದರೆ 34. ಮೂರು ದಿನ ತಪ್ಪು ಹಾಕಿದೆ. ನಾಲ್ಕನೆಯ ದಿನ ಪಕ್ಕದಲ್ಲಿ ಕೂತು ಅವನ ತುಟಿ ನೋಡಿದೆ. ನಾನು ಇಪ್ಪತ್ತೈದು ಎಂದ ಕೂಡಲೇ ಅವನು ಮೆಲ್ಲಗೆ "ಪಂಚವೀಸ" ಎಂದುಕೊಳ್ಳುತ್ತಿದ್ದ, ಆಮೇಲೆ ಕೇಳಿದ ಕ್ರಮದಲ್ಲೇ ಬರೆಯುತ್ತಿದ್ದ: ಮೊದಲು ಪಂಚ, ಆಮೇಲೆ ವೀಸ. ಐದು, ಎರಡು. ಅವನ ತಪ್ಪಿಗೆ ಒಂದು ವ್ಯಾಕರಣವಿತ್ತು.

ಮರಾಠಿಯ ಎಣಿಕೆಯಲ್ಲಿ ಬಿಡಿ ಮೊದಲು, ಹತ್ತು ಆಮೇಲೆ. ಹತ್ತೊಂಬತ್ತಕ್ಕೆ ಏಕೋಣೀಸ, ಅಂದರೆ ಇಪ್ಪತ್ತಕ್ಕೆ ಒಂದು ಕಮ್ಮಿ. ಕನ್ನಡದಲ್ಲಿ ಹತ್ತು ಮುಂದೆ, ಬಿಡಿ ಹಿಂದೆ, ಬರೆಯುವ ಅಂಕಿಯ ಕ್ರಮವೇ ನಾಲಿಗೆಯ ಕ್ರಮ. 2019ರಲ್ಲಿ ಬಾಲಭಾರತಿಯ ಎರಡನೇ ಇಯತ್ತೆಯ ಗಣಿತ ಪುಸ್ತಕ 'ವೀಸ ಏಕ', 'ವೀಸ ದೋನ' ಎಂದು ಹತ್ತನ್ನು ಮುಂದಿಟ್ಟು ಎಣಿಸುವ ರೀತಿಯನ್ನೂ ತಂದಾಗ ಎಷ್ಟು ಟೀಕೆ, ಎಷ್ಟು ನಗೆಚಾಟಿಕೆ ಆಯಿತೆಂದು ನಿಮಗೆ ನೆನಪಿರಬೇಕು. ಗಣಿತ ಸಮಿತಿಯ ಅಧ್ಯಕ್ಷರಾಗಿದ್ದ ಮಂಗಲಾ ನಾರಳೀಕರರು ಎಲ್ಲರಿಗೂ ಉತ್ತರ ಹೇಳಬೇಕಾಯಿತು. ಅವರು ಮಕ್ಕಳಿಗೆ ಸುಲಭವಾಗಲೆಂದು ಹೊಸದಾಗಿ ಹುಡುಕಿದ ದಾರಿ ನಮ್ಮ ಕನ್ನಡ ಮಗುವಿಗೆ ತೊಟ್ಟಿಲಲ್ಲೇ ಸಿಕ್ಕಿರುತ್ತದೆ. ಅದೊಂದು ಹೆಮ್ಮೆಪಡುವ ಮಾತು ನಿಜ. ಆದರೆ ಮಿರಜದ ಮಗುವಿನ ತಲೆಯಲ್ಲಿ ಎರಡೂ ಎಣಿಕೆ ಏಕಕಾಲಕ್ಕೆ ಓಡುತ್ತಿರುತ್ತವೆ ಎಂಬುದನ್ನು ಮರೆತರೆ ನಾವು ಜಾಣನನ್ನು ದಡ್ಡರ ಸಾಲಿನಲ್ಲಿ ಕೂರಿಸುತ್ತೇವೆ, ನಾನು ಮೂರು ದಿನ ಕೂರಿಸಿದ ಹಾಗೆ.

ಜೋಳದ ದಂಟಿನ ಸೀಳುಗಳನ್ನು ತಂದು ಹತ್ತು ಹತ್ತರ ಕಟ್ಟು ಮಾಡಿದೆವು. ಎಡಗಡೆ ಕಟ್ಟು, ಬಲಗಡೆ ಬಿಡಿ. ಬಾಯಲ್ಲಿ ಪಂಚವೀಸ ಅನ್ನು, ಇಪ್ಪತ್ತೈದು ಅನ್ನು, ಕೈ ಮೊದಲು ಕಟ್ಟಿಗೇ ಹೋಗಬೇಕು. ಎರಡು ವಾರದಲ್ಲಿ ಅವನ 52 ಹೋಯಿತು. ಆಮೇಲೆ ತರಗತಿಯಲ್ಲೇ ಅಂಗಡಿ ಹೂಡಿದೆವು. ಅವನೇ ಅಂಗಡಿಕಾರ. ಕನ್ನಡದಲ್ಲಿ ಬೆಲೆ ಕೇಳಿದವರಿಗೆ ಕನ್ನಡ, ಮರಾಠಿಯಲ್ಲಿ ಕೇಳಿದವರಿಗೆ ಮರಾಠಿ. ಜನವರಿಯಲ್ಲಿ ಆ ಅಂಗಡಿಯೇ ಊರವರು ಬಂದು ಭಜಿ, ಚುರಮರಿ ಕೊಳ್ಳುವ ಮಕ್ಕಳ ಬಜಾರವಾಯಿತು.

ಅಂಕಿಯ ಮಾತು ಬಂದಾಗ ಒಂದು ಹೇಳಬೇಕು. ಸಾಂಗಲಿಯ ಮಕ್ಕಳಿಗೆ ಆಗಸ್ಟ್ ತಿಂಗಳಲ್ಲಿ ಎರಡು ಅಂಕಿ ಯಾರೂ ಕಲಿಸದೆ ಬರುತ್ತವೆ, 40 ಮತ್ತು 45. ಆಯರ್ವಿನ್ ಸೇತುವೆಯ ಹತ್ತಿರ ಕೃಷ್ಣೆ ನಲವತ್ತು ಫೂಟಿಗೆ ಬಂದರೆ ಎಚ್ಚರಿಕೆ, ನಲವತ್ತೈದಕ್ಕೆ ಬಂದರೆ ಅಪಾಯ. 2019ರಲ್ಲಿ ಐವತ್ತೇಳು ದಾಟಿತ್ತು. ಆ ವರ್ಷ ಎಷ್ಟೋ ಸಾಲಿಗಳಲ್ಲಿ ಪಾಠದ ಬದಲು ಪೂರದ ಮಂದಿ ಇದ್ದರು. ನೀರು ಇಳಿದ ಮೇಲೆ ಗೋಡೆಯ ಮೇಲಿನ ಕೆಸರಿನ ಗೆರೆಗೆ ಮಕ್ಕಳು ತಮ್ಮ ಎತ್ತರ ಹಿಡಿದು ನೋಡುತ್ತಿದ್ದರು. "ನಾ ಮುಣಗತಿದ್ನಿ, ನೀನೂ ಮುಣಗತಿದ್ದಿ, ಬಾಯಾರೂ ಮುಣಗತಿದ್ರು." ದೊಡ್ಡದು ಸಣ್ಣದು ಎಂಬ ಪಾಠವನ್ನು ಇದಕ್ಕಿಂತ ಗಟ್ಟಿಯಾಗಿ ಯಾರೂ ಕಲಿಸಲಾರರು. ಆದರೂ ಅದನ್ನು ನಾನು ಪಾಠ ಮಾಡಲು ಹೋಗಲಿಲ್ಲ. ಕೆಲವನ್ನು ಮಕ್ಕಳಿಗೇ ಬಿಡಬೇಕು.

ಇನ್ನು ಅರಿಶಿಣ. ಸಾಂಗಲಿ ಎಂದರೆ ಅರಿಶಿಣದ ಪೇಟೆ. 2018ರಲ್ಲಿ ಸಾಂಗಲಿ ಅರಿಶಿಣಕ್ಕೆ ಭೌಗೋಳಿಕ ಗುರುತಿನ ಮುದ್ರೆಯೂ ಬಿತ್ತು. ಹಮಾಲರ ಮಕ್ಕಳು ಬೆರಳ ಸಂದಿನ ಹಳದಿಯನ್ನು ತರಗತಿಗೆ ತರುತ್ತಾರೆ. ಮಾಡಬೇಕಾದ್ದು ಇಷ್ಟೇ. ಅರಿಶಿಣ ಪುಡಿಯನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ತೆಳ್ಳಗೆ ಸವರಿ ಒಣಗಿಸಿ. ಇನ್ನೊಂದು ಬಟ್ಟಲಲ್ಲಿ ಸಾಬೂನಿನ ನೀರು. ಕಡ್ಡಿಗೆ ಹತ್ತಿ ಸುತ್ತಿ ಸಾಬೂನಿನ ನೀರಲ್ಲಿ ಅದ್ದಿ ಹಳದಿ ಕಾಗದದ ಮೇಲೆ ಎಳೆದರೆ ಗೆರೆ ಕೆಂಪಗೆ ಏಳುತ್ತದೆ. ಅದರ ಮೇಲೆ ನಿಂಬೆಹುಳಿ ಬಿಟ್ಟರೆ ಕೆಂಪು ಮಾಯ, ಮತ್ತೆ ಹಳದಿ. ಮೊದಲ ಸಲ ಮಾಡಿದಾಗ ತರಗತಿಯಲ್ಲಿ ಎದ್ದ ಕೂಗಿಗೆ ಪಕ್ಕದ ತರಗತಿಯ ಗುರೂಜಿ ಛಡಿ ಹಿಡಿದುಕೊಂಡೇ ಓಡಿಬಂದರು. ಬಂದವರು ತಾವೂ ಒಂದು ಕಾಗದ ಇಸಿದುಕೊಂಡು ತಮ್ಮ ಹೆಸರು ಬರೆದರು.

ಒಬ್ಬ ಹುಡುಗ ಮನೆಗೆ ಹೋಗಿ ಇದನ್ನು ಹೇಳಿದ್ದಕ್ಕೆ ಅವನ ಅಜ್ಜಿ, "ಅದ್ರಾಗೇನ ಹೊಸಾದು, ಆರತಿ ನೀರಿಗೆ ಅರಿಶಿಣದಾಗ ಸುಣ್ಣ ಹಾಕತೀವಲ್ಲ" ಎಂದಳಂತೆ. ಮರುವಾರ ಆ ಅಜ್ಜಿಯನ್ನು ತರಗತಿಗೆ ಕರೆಸಿದೆ. ಅವಳ ತವರು ಹರಿಪುರ, ಕೃಷ್ಣಾ ವಾರಣಾ ಕೂಡುವ ಜಾಗ. ಅರಿಶಿಣವನ್ನು ನೆಲದೊಳಗೆ ಹಗೇವು ತೋಡಿ ಇಡುತ್ತಿದ್ದರು, ಮರಾಠಿಯಲ್ಲಿ ಪೇವ ಎನ್ನುತ್ತಾರೆ, ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ, 2005ರ ಮಹಾಪೂರದಲ್ಲಿ ಬಹಳ ಹಗೇವು ಹಾಳಾದವು ಎಂದು ನೆಲದ ಮೇಲೆ ಕೂತು ಹೇಳಿದಳು. ಒಬ್ಬ ಕೇಳಿದ: "ಒಳಗ ಇಳದಾವ್ರು ಮ್ಯಾಲ ಹ್ಯಾಂಗ ಬರ್ತಿದ್ರು?" ಅಜ್ಜಿ ಎದ್ದು ನಿಂತು ಹಗ್ಗ ಹಿಡಿದು ಹತ್ತುವುದನ್ನು ಮಾಡಿ ತೋರಿಸಿದಳು. ಸೀರೆ ಉಟ್ಟ ಎಪ್ಪತ್ತರ ಮುದುಕಿ. ಹಗೇವು ಎಂಬ ಶಬ್ದವನ್ನು ಆ ಮಕ್ಕಳು ಇನ್ನು ಮರೆಯಲಾರರು. ಪ್ರತಿ ತಿಂಗಳು ಒಬ್ಬ ಅಜ್ಜ ಅಥವಾ ಅಜ್ಜಿ ಎಂದು ಆಗಿನಿಂದ ನಡೆಸಿದೆ. ಈಗ ಮಹಾರಾಷ್ಟ್ರದಲ್ಲಿ 2024ರಿಂದ ಆನಂದದಾಯಿ ಶನಿವಾರ ಬಂದಿದೆ, ಕರ್ನಾಟಕದಲ್ಲಿ ಸಂಭ್ರಮ ಶನಿವಾರ. ದಪ್ತರವಿಲ್ಲದ ಆ ದಿನಕ್ಕೆ ಏನು ಮಾಡಿಸಬೇಕು ಎಂದು ಸುತ್ತೋಲೆಯಲ್ಲಿ ಹುಡುಕುವವರಿಗೆ ನನ್ನ ಸಲಹೆ ಇದು: ಒಬ್ಬ ಅಜ್ಜಿಯನ್ನು ಕರೆಸಿರಿ.

ಮಿರಜದ ಸಿತಾರಿನ ಬಗ್ಗೆ ಹೇಳದೆ ಹೋದರೆ ಊರವರು ಬಿಡುವುದಿಲ್ಲ. ಇಲ್ಲಿಯ ಸಿತಾರು, ತಂಬೂರಿಗಳಿಗೂ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹತ್ಯಾರಕ್ಕೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ವಾದ್ಯದ ಕಸುಬಿಗೆ ಇಳಿದದ್ದು, ಸೋರೆಬುರುಡೆಗಳು ಪಂಢರಪುರದ ಕಡೆಯಿಂದ ಬರುವುದು, ಇದೆಲ್ಲ ದೊಡ್ಡ ಇಯತ್ತೆಗೆ ಇರಲಿ. ಸಣ್ಣವರನ್ನು ಒಂದು ಸಲ ಆ ಓಣಿಗೆ ನಡೆಸಿಕೊಂಡು ಹೋಗಿ, ಒಂದು ಬುರುಡೆಯನ್ನು ಬೆರಳಿನಿಂದ ತಟ್ಟಿಸಿ, ಮರಳಿ ಬಂದು ಖಾಲಿ ಡಬ್ಬಿಗೆ ರಬ್ಬರು ಹಾಕಿ ಮೀಟಿಸಿದರೆ ಸಾಕು.

ಗ್ಯಾದರಿಂಗಿನ ಮಾತು. ಆರು ವಾರ ತಾಲೀಮು, ಸಿನಿಮಾ ಹಾಡು, ಬಾಡಿಗೆಯ ಡ್ರೆಸ್ಸು. ಬಾಡಿಗೆ ಕೊಡಲಾಗದ ಮಗು ಕೆಳಗೆ ಕೂತು ಚಪ್ಪಾಳೆ ತಟ್ಟುತ್ತದೆ. ಸಾಂಗಲಿಯಲ್ಲಿ ಹೀಗಾಗುವುದು ನನಗೆ ಹೆಚ್ಚು ಬೇಸರ. 1843ರಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ' ಆಡಿಸಿ ಮರಾಠಿ ರಂಗಭೂಮಿಗೆ ಅಡಿಗಲ್ಲು ಇಟ್ಟದ್ದು ಇದೇ ಊರಲ್ಲಿ. ನವೆಂಬರ್ 5 ಮರಾಠಿ ರಂಗಭೂಮಿ ದಿನವಾದದ್ದು ಅದರಿಂದಲೇ. ಅದಕ್ಕೆ ಪ್ರೇರಣೆ ಏನು? ಕರ್ನಾಟಕದಿಂದ ಬಂದ ಭಾಗವತರ ಮೇಳದ ಆಟವನ್ನು ಆಗಿನ ಸಾಂಗಲಿಯ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರು ನೋಡಿ, ಇಂಥದ್ದು ನಮ್ಮ ಭಾಷೆಯಲ್ಲೂ ಆಗಬೇಕು ಎಂದು ಭಾವೆಯವರಿಗೆ ಹೇಳಿದ್ದು. ಒಂದು ಭಾಷೆಯ ಆಟ ನೋಡಿ ಇನ್ನೊಂದು ಭಾಷೆ ಗೆಜ್ಜೆ ಕಟ್ಟಿದ ಊರಿನಲ್ಲಿ, ಕನ್ನಡ ಸಾಲಿಯ ಮಕ್ಕಳು ಬ್ಲೂಟೂತ್ ಪೆಟ್ಟಿಗೆಯ ಮುಂದೆ ತುಟಿ ಆಡಿಸುತ್ತಾರೆ. ನವೆಂಬರ್ 1ಕ್ಕೂ 5ಕ್ಕೂ ನಡುವೆ ನಾಲ್ಕೇ ದಿನ. ದೀಪಾವಳಿ ಸೂಟಿ ಅಡ್ಡ ಬರದ ವರ್ಷ ಎರಡನ್ನೂ ಕೂಡಿಸಿ ಒಂದೇ ಆಟ ಆಡಿಸಬಹುದು. ರಟ್ಟಿನ ಮುಖವಾಡ, ಅರ್ಧ ಕನ್ನಡ, ಅರ್ಧ ಮರಾಠಿ, ಮಾತು ಮಕ್ಕಳದೇ. ನಾನು ಮಾಡಿಸಿದ್ದು ಹಗೇವಿಗೆ ಬಿದ್ದ ನರಿಯ ಆಟ. ನರಿ ಕನ್ನಡ ಆಡುತ್ತಿತ್ತು, ಮೇಲಿನಿಂದ ಇಣುಕುವ ಆಡು ಮರಾಠಿ. ಹದಿನೆಂಟು ನಿಮಿಷದ ಆಟದಲ್ಲಿ ಮೂರು ಸಲ ಕಥೆ ಬದಲಾಯಿತು, ಕೊನೆಗೆ ಆಡೇ ಬೀಳಲಿಲ್ಲ.

ಇವೆಲ್ಲ ನನ್ನ ಬುದ್ಧಿಯಿಂದ ಹುಟ್ಟಿದ್ದಲ್ಲ. ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿಯಲ್ಲಿ ಶಿಶುಶಾಲೆಯನ್ನು ಎತ್ತಿಕೊಂಡು ಮಕ್ಕಳಿದ್ದ ಅಂಗಳಕ್ಕೇ ಹೋದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಋಷಿವ್ಯಾಲಿಯವರಿಂದ ಕಲಿತದ್ದು. ಅಥಣಿ ಕಡೆಯ ಗೆಳತಿಯೊಬ್ಬಳಿಂದ ನಲಿ-ಕಲಿ ಕಾರ್ಡುಗಳನ್ನು ಇಸಿದುಕೊಂಡು ರಾತ್ರಿ ಕೂತು ನಕಲು ಮಾಡಿದ್ದೇನೆ. ಚಿತ್ರ ಮಾತ್ರ ನಮ್ಮವನ್ನು ಹಾಕಿದೆ: ದ್ರಾಕ್ಷಿ ಬಾಗ, ಬೇದಾಣಾ ಒಣಗಿಸುವ ಶೆಡ್ಡು, ಮಿರಜ ಜಂಕ್ಷನ್ನು, 2016ರಲ್ಲಿ ಲಾತೂರಿಗೆ ಕುಡಿಯುವ ನೀರು ಹೊತ್ತು ಹೋದ ರೈಲು. 'ರ' ಅಕ್ಷರಕ್ಕೆ ಆ ನೀರಿನ ರೈಲನ್ನು ಹಾಕಿದ ಮೇಲೆ 'ನ' ಮತ್ತು 'ಲ' ಎರಡೂ ಪುಕ್ಕಟೆ ಬಂದವು.

ಇದಕ್ಕೆಲ್ಲ ಒಂದು ಅಡ್ಡಿಯಿದೆ, ಅದನ್ನು ಮುಚ್ಚಿಡುವುದಿಲ್ಲ. ಮಗುವಿನ ತುಟಿ ನೋಡಿ ಅದು ಪಂಚವೀಸ ಎನ್ನುತ್ತಿದೆ ಎಂದು ಹಿಡಿಯಬೇಕಾದರೆ ಶಿಕ್ಷಕರಿಗೆ ಎರಡೂ ಭಾಷೆ ಬರಬೇಕು. 2024ರಲ್ಲಿ ಜತ್ತದ ಕನ್ನಡ ಸಾಲಿಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದಾಗ ಗಡಿಯ ಎರಡೂ ಕಡೆ ಕೂಗೆದ್ದಿತು. ಸಂವಿಧಾನಕ್ಕೆ 1956ರಲ್ಲಿ ಸೇರಿದ 350ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಕಲಿಕೆಗೆ ಅನುಕೂಲ ಮಾಡಿಕೊಡಲು ರಾಜ್ಯಗಳಿಗೆ ಹೇಳುತ್ತದೆ. ಹಾಗೆ ನೇಮಕವಾಗಿ ಬಂದ, ಕನ್ನಡ ಬಾರದ ತರುಣ ಶಿಕ್ಷಕರ ತಪ್ಪೇನೂ ಇಲ್ಲ; ಆರು ವರ್ಷದ ಮಗುವಿನ ಮುಂದೆ ಮೂಕರಾಗಿ ನಿಲ್ಲುವ ಕಷ್ಟ ಅವರದೂ ಹೌದು. ಹಿರಿಯರಿಗೆ ಕೊಟ್ಟ ಮಾತು ನೆನಪಿದೆ, ಗಡಿಯ ವಿಷಯ ಇಲ್ಲಿಗೇ ಬಿಡುತ್ತೇನೆ.

ಇದೇ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸುತ್ತಿದ್ದರು. ಅವರ ಸಾಹಿತ್ಯ ಚರಿತ್ರೆಗೆ 1956ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂಥವರು ಕಲಿಸಿದ ಊರಲ್ಲಿ ದತ್ತಿ ಉಪನ್ಯಾಸವೆಂದರೆ ಪಂಪ, ಬಸವಣ್ಣನವರ ಮೇಲೆ ಆಗಬೇಕು, ಈಕೆ ಮಣ್ಣೆತ್ತು, ಸಾಬೂನಿನ ನೀರು ಎನ್ನುತ್ತಿದ್ದಾಳಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರಿಗಾದರೂ ಅನ್ನಿಸಿದ್ದರೆ ಅವರು ಈಗ ಮುಂದೆ ಬರಬೇಕು. ಹೊರಗಿನ ಪಡಸಾಲೆಯಲ್ಲಿ ಎರಡು ಬುಟ್ಟಿ ಎರಿ ಮಣ್ಣು ಇಡಿಸಿದ್ದೇನೆ, ಒಂದಕ್ಕೆ ಹೊಟ್ಟು ಕಲಸಿದೆ, ಇನ್ನೊಂದಕ್ಕೆ ಇಲ್ಲ. ಚಹಾ ಇನ್ನೂ ಕುದಿಯುತ್ತಿದೆಯಂತೆ. ಅಷ್ಟರೊಳಗೆ ಒಬ್ಬೊಬ್ಬರು ಒಂದೊಂದು ಎತ್ತು ಮಾಡಿರಿ. ಕೈ ತೊಳೆಯಲು ನೀರು ಬಾವಿಯ ಹತ್ತಿರ ಇದೆ.